ಕೀತ್ ಹೆರ್ನಾಂಡೆಜ್: 11 ಗೋಲ್ಡ್ ಗ್ಲವ್ ಇದ್ದರೂ ಹಾಲ್ ಆಫ್ ಫೇಮ್ ಬಾಗಿಲು ತೆರೆಯಲಿಲ್ಲ ಯಾಕೆ?

ಕ್ವೀನ್ಸ್_ಕನ್ನಡಿಗ
ಈ ವಿಷಯ ಇಲ್ಲಿ ಒಮ್ಮೆ ಸರಿಯಾಗಿ ಚರ್ಚೆ ಆಗಲಿ. ಕೀತ್ ಹೆರ್ನಾಂಡೆಜ್ ಅಮೆರಿಕದ ಬೇಸ್‌ಬಾಲ್‌ನಲ್ಲಿ ಫಸ್ಟ್ ಬೇಸ್ ಕಾಯುವವನಾಗಿ (ಫಸ್ಟ್ ಬೇಸ್‌ಮನ್) 1974ರಿಂದ 1990ರವರೆಗೆ 17 ಸೀಸನ್ ಆಡಿದ. 2,088 ಪಂದ್ಯ, 2,182 ಹಿಟ್, .296 ಸರಾಸರಿ, ಆನ್-ಬೇಸ್ (ಬೇಸ್ ತಲುಪಿದ ಪ್ರಮಾಣ) .384. 1979ರಲ್ಲಿ .344 ಹೊಡೆದು ನ್ಯಾಷನಲ್ ಲೀಗ್ ಬ್ಯಾಟಿಂಗ್ ಪಟ್ಟ, ಅದೇ ವರ್ಷ ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. 1982ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜತೆ, 1986ರಲ್ಲಿ ನ್ಯೂಯಾರ್ಕ್ ಮೆಟ್ಸ್ ಜತೆ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಸರಣಿ) ಗೆದ್ದ. 1978ರಿಂದ 1988ರವರೆಗೆ ಒಂದೂ ವರ್ಷ ಬಿಡದೆ 11 ಗೋಲ್ಡ್ ಗ್ಲವ್ (ಆಯಾ ಜಾಗದ ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ). ಫಸ್ಟ್ ಬೇಸ್‌ನಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ.

ಹಾಲ್ ಆಫ್ ಫೇಮ್‌ಗೆ (ಕೂಪರ್ಸ್‌ಟೌನ್‌ನಲ್ಲಿರೋ ಬೇಸ್‌ಬಾಲ್ ದಿಗ್ಗಜರ ಗೌರವ ಭವನ) ಪತ್ರಕರ್ತರ ಶೇ 75 ಮತ ಬೇಕು. ಇವನಿಗೆ ಶೇ 11ರ ಆಸುಪಾಸು ಬಂದದ್ದೇ ಅತಿ ಹೆಚ್ಚು. 2004ರಲ್ಲಿ ಶೇ 5ಕ್ಕಿಂತ ಕೆಳಗಿಳಿದು ಮತಪಟ್ಟಿಯಿಂದಲೇ ಹೊರಬಿದ್ದ. ಫೀಲ್ಡಿಂಗ್‌ಗೆ ಬೆಲೆಯೇ ಇಲ್ಲವಾ, ಅಥವಾ ಬೇರೆ ಕಾರಣ ಇದೆಯಾ? ತಿಳಿದವರು ಬಿಡಿಸಿ ಹೇಳಿ.

ಸ್ಕೋರ್‌ಶೀಟ್_ಸುಮಾ
ಒಂದು ತಿದ್ದುಪಡಿ. 1979ರ ಎಂವಿಪಿ ಅವನೊಬ್ಬನದೇ ಅಲ್ಲ. ಪಿಟ್ಸ್‌ಬರ್ಗ್‌ನ ವಿಲ್ಲಿ ಸ್ಟಾರ್ಜೆಲ್‌ಗೂ ಇವನಿಗೂ ತಲಾ 216 ಅಂಕ ಬಂದು ಇಬ್ಬರಿಗೂ ಹಂಚಿದರು. ಎಂವಿಪಿ ಹಾಗೆ ಸಮನಾಗಿ ಹಂಚಿಹೋದದ್ದು ಅದೊಂದೇ ಸಲ. ಸ್ಟಾರ್ಜೆಲ್ ಕೂಡ ಫಸ್ಟ್ ಬೇಸ್‌ಮನ್ನೇ.

ಬೇಲಿಯಾಚೆ
ಕಾರಣ ಒಂದೇ ಸಾಲಿನದು: 162 ಹೋಮ್ ರನ್. 17 ವರ್ಷಕ್ಕೆ 162! ಒಂದು ಸೀಸನ್‌ನಲ್ಲಿ 18 ದಾಟಲೇ ಇಲ್ಲ. ಫಸ್ಟ್ ಬೇಸ್ ಅಂದ್ರೆ ಚೆಂಡನ್ನ ಬೇಲಿ ದಾಟಿಸೋರ ಜಾಗ. ಮತ ಹಾಕೋ ಪತ್ರಕರ್ತರು ನೋಡೋದೂ ಅದನ್ನೇ.

ಎಡಗೈ_ಎಂಜಿನಿಯರ್
ಬೇಲಿಯಾಚೆ, ಆ ಲೆಕ್ಕ ಅರ್ಧ ಆಟದ್ದು. ಹೋಮ್ ರನ್ ಇಲ್ಲ ಅಂದಮಾತ್ರಕ್ಕೆ ಬ್ಯಾಟಿಂಗ್ ಬರಲ್ಲ ಅಂತ ಆಗಲ್ಲ. 426 ಡಬಲ್ (ಒಂದೇ ಹೊಡೆತಕ್ಕೆ ಎರಡು ಬೇಸ್) ಇದೆ. 1979 ಒಂದೇ ವರ್ಷ 48. ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಬಿಟ್ಟಿ ಬೇಸ್) 1,070, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) 1,012, ಅಂದರೆ ಸ್ಟ್ರೈಕ್‌ಔಟಾಗಿ ವಾಪಸ್ ನಡೆದದ್ದಕ್ಕಿಂತ ಬೇಸ್‌ಗೆ ನಡೆದದ್ದೇ ಜಾಸ್ತಿ. ಸೇಂಟ್ ಲೂಯಿಸ್‌ನ ಆಗಿನ ಬುಶ್ ಸ್ಟೇಡಿಯಂ ಕೃತಕ ಹುಲ್ಲಿನ ನೆಲ, ಬೇಲಿ ಬಹಳ ದೂರ. ಎಡಗೈ ಬ್ಯಾಟರ್ ಅಲ್ಲಿ ಚೆಂಡನ್ನ ಲೆಫ್ಟ್-ಸೆಂಟರ್ ಸಂದಿಗೆ ನುಗ್ಗಿಸಿದರೆ ಅದು ಗೋಡೆವರೆಗೂ ಉರುಳುತ್ತೆ. ಅವನ ಬ್ಯಾಟಿಂಗ್ ಆ ಮೈದಾನಕ್ಕೆ ತಕ್ಕಂತೆ ಇತ್ತು.

ಇನ್ನು ಫೀಲ್ಡಿಂಗ್. ಅಲ್ಲಿ ಅವನು ಉಳಿಸಿದ ರನ್ ಯಾವ ಸ್ಕೋರ್‌ಬೋರ್ಡ್‌ನಲ್ಲೂ ಕಾಣಲ್ಲ. ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ವಾರ್ ಅಂಕಿ (ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಅನ್ನೋದು) ನೋಡಿ, ಬೇಸ್‌ಬಾಲ್ ರೆಫರೆನ್ಸ್ ಜಾಲತಾಣದ ಪ್ರಕಾರ 60ರ ಮೇಲಿದೆ. ಆ ಸಾಲಿನಲ್ಲಿರೋ ಎಷ್ಟೋ ಜನ ಕೂಪರ್ಸ್‌ಟೌನ್ ಒಳಗಿದ್ದಾರೆ.

ಕ್ರಿಕೆಟ್_ಮಾತ್ರ
ಗೊತ್ತಿಲ್ಲದೆ ಕೇಳ್ತೀನಿ. ಫಸ್ಟ್ ಬೇಸ್‌ಮನ್ ಬೇಸ್ ಮೇಲೆ ಕಾಲಿಟ್ಟು ಬಂದ ಚೆಂಡು ಹಿಡಿಯೋದು ತಾನೇ? ಅದರಲ್ಲಿ 11 ಪ್ರಶಸ್ತಿ ಕೊಡುವಂಥದ್ದು ಏನಿದೆ?

ಬಂಟ್_ಭಟ್ಟ
ಒಳ್ಳೆ ಪ್ರಶ್ನೆ ಸರ್, ಇಡೀ ಚರ್ಚೆಯ ಬುಡ ಅದೇ. ಥ್ರೋ ಹಿಡಿಯೋದನ್ನ ಆಮೇಲೆ ನೋಡೋಣ. ಹೆರ್ನಾಂಡೆಜ್ ಹೆಸರು ಮಾಡಿದ್ದು ಬಂಟ್‌ನಲ್ಲಿ.

ಸನ್ನಿವೇಶ ಹೀಗಿರಲಿ: ಯಾರೂ ಔಟಾಗಿಲ್ಲ, ಫಸ್ಟ್ ಮತ್ತು ಸೆಕೆಂಡ್ ಬೇಸ್‌ನಲ್ಲಿ ರನ್ನರ್. ಬ್ಯಾಟ್ ಹಿಡಿದು ಬಂದವನು ಪಿಚರ್, ನಿಮ್ಮ ಬೌಲರ್ ಇದ್ದ ಹಾಗೆ. ಆಗ ನ್ಯಾಷನಲ್ ಲೀಗ್‌ನಲ್ಲಿ ಪಿಚರ್‌ಗಳೇ ಬ್ಯಾಟ್ ಮಾಡಬೇಕಿತ್ತು. ಅವನಿಗೆ ಹೊಡೆಯಲು ಬರಲ್ಲ, ಹಾಗಾಗಿ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನ ಮೆಲ್ಲಗೆ ನೆಲಕ್ಕೆ ಬಿಡ್ತಾನೆ. ಅದೇ ಬಂಟ್, ತಾನು ಔಟಾದರೂ ಇಬ್ಬರು ರನ್ನರ್ ಒಂದೊಂದು ಬೇಸ್ ಮುಂದೆ ಹೋಗಲಿ ಅಂತ.

ಮಾಮೂಲಿ ಫಸ್ಟ್ ಬೇಸ್‌ಮನ್ ನಾಲ್ಕು ಹೆಜ್ಜೆ ಮುಂದೆ ಬಂದು, ಚೆಂಡು ಎತ್ತಿ ಫಸ್ಟ್‌ಗೆ ಎಸೆದು ಒಂದು ಔಟ್ ತಗೊಂಡು ಸುಮ್ಮನಾಗ್ತಾನೆ. ಹೆರ್ನಾಂಡೆಜ್ ಪಿಚರ್ ಕೈ ಎತ್ತುವಷ್ಟರಲ್ಲೇ ಓಟ ಶುರು ಮಾಡ್ತಿದ್ದ. ಪಿಚಿಂಗ್ ದಿಬ್ಬದ ಮುಂದಿನಿಂದ ದಾಟಿ ಥರ್ಡ್ ಬೇಸ್ ಕಡೆಯ ಅರ್ಧದಲ್ಲಿ ಬಿದ್ದ ಬಂಟ್ ಕೂಡ ತಾನೇ ಎತ್ತಿ, ಮುಂದಿನ ರನ್ನರ್‌ನ ಥರ್ಡ್‌ನಲ್ಲೇ ಔಟ್ ಮಾಡಿಸ್ತಿದ್ದ. ಹಿಂದಿನವರು ಬರೋದ್ರಿಂದ ರನ್ನರ್ ಅಲ್ಲಿಗೆ ಓಡಲೇಬೇಕು (ಫೋರ್ಸ್), ಹಾಗಾಗಿ ಚೆಂಡಿನಿಂದ ಅವನನ್ನ ಮುಟ್ಟೋ ಟ್ಯಾಗ್ ಬೇಕಿಲ್ಲ, ಬೇಸ್ ಮುಟ್ಟಿದರೆ ಸಾಕು.

ಲಾಭ ಎಷ್ಟು? ಬಂಟ್ ಯಶಸ್ವಿಯಾದರೆ ಸೆಕೆಂಡ್-ಥರ್ಡ್‌ನಲ್ಲಿ ರನ್ನರ್, ಒಂದು ಔಟ್. ಆ ಸ್ಥಿತಿಯಿಂದ ಸರಾಸರಿ ಸುಮಾರು 1.4 ರನ್ ಬರುತ್ತೆ. ಹೆರ್ನಾಂಡೆಜ್ ಥರ್ಡ್‌ನಲ್ಲಿ ಔಟ್ ಮಾಡಿಸಿದರೆ ಫಸ್ಟ್-ಸೆಕೆಂಡ್‌ನಲ್ಲೇ ರನ್ನರ್, ಒಂದು ಔಟ್. ಸುಮಾರು 0.9. ಒಂದು ಥ್ರೋಗೆ ಅರ್ಧ ರನ್. ಕ್ರಿಕೆಟ್‌ನಲ್ಲಿ ಸಿಲ್ಲಿ ಪಾಯಿಂಟ್‌ನಲ್ಲಿ ಒಬ್ಬ ಗಟ್ಟಿಗ ನಿಂತರೆ ಬ್ಯಾಟರ್ ಮುಂದಕ್ಕೆ ಕಾಲಿಡಲು ಹಿಂಜರೀತಾನಲ್ಲ, ಹಾಗೆ ಇವನಿದ್ದಾನೆ ಅಂತಲೇ ಎದುರಾಳಿಗಳು ಬಂಟ್ ಯೋಚನೆ ಕೈಬಿಡ್ತಿದ್ದರು.

ಧಾರವಾಡ_ಡಗೌಟ್
ಹಂಗಾದ್ರ ಉಳಿದವ್ರು ಯಾಕ ಹಂಗ ಓಡಂಗಿಲ್ರಿ? ಅಷ್ಟ್ ಲಾಭ ಇದ್ರ ಎಲ್ಲಾರೂ ಮಾಡ್ಬೇಕಿತ್ತಲ್ಲ.

ಬಂಟ್_ಭಟ್ಟ
ಮಾಡಿದರೆ ಕೈ ಸುಡುತ್ತೆ, ಅದಕ್ಕೆ. ಎಲ್ಲೆಲ್ಲಿ ಕೆಡುತ್ತೆ ನೋಡಿ.

ಬೇಗ ಓಡಿದರೆ ಬ್ಯಾಟರ್ ಬಂಟ್ ಬಿಟ್ಟು ಬ್ಯಾಟ್ ಹಿಂದಕ್ಕೆಳೆದು ಬೀಸ್ತಾನೆ. 40 ಅಡಿ ದೂರದಲ್ಲಿ ಎದೆಗೆ ಬರೋ ಚೆಂಡು. ಅದನ್ನ ತಪ್ಪಿಸಿಕೊಳ್ಳಲು ಪಿಚರ್ ಸ್ಟ್ರೈಕ್ ಜೋನ್‌ನ ಮೇಲ್ಭಾಗಕ್ಕೆ ಫಾಸ್ಟ್‌ಬಾಲ್ ಹಾಕಬೇಕು. ಅದನ್ನ ಬಂಟ್ ಮಾಡಿದರೆ ಗಾಳಿಗೇಳೋ ಸಂಭವ ಹೆಚ್ಚು.

ಸೆಕೆಂಡ್ ಬೇಸ್‌ಮನ್ ಓಡಿ ಬಂದು ಫಸ್ಟ್ ಕಾಯಬೇಕು. ಅವನು ಒಂದು ಹೆಜ್ಜೆ ತಡ ಮಾಡಿದರೂ ಥರ್ಡ್‌ಗೆ ಎಸೆಯಲಾಗದಿದ್ದಾಗ ಫಸ್ಟ್‌ನಲ್ಲಿ ಹಿಡಿಯೋರೇ ಇರಲ್ಲ. ಥರ್ಡ್ ಬೇಸ್‌ಮನ್ ಕೂಡ ಮುಂದೆ ನುಗ್ಗಿದರೆ ಶಾರ್ಟ್‌ಸ್ಟಾಪ್ (ಸೆಕೆಂಡ್-ಥರ್ಡ್ ನಡುವಿನ ಫೀಲ್ಡರ್) ಥರ್ಡ್‌ಗೆ ಓಡಬೇಕು. ಆಗ ಸೆಕೆಂಡ್ ಖಾಲಿ.

ಎಲ್ಲಕ್ಕಿಂತ ದುಬಾರಿ ತಪ್ಪು ಅಂದ್ರೆ ಥರ್ಡ್‌ಗೆ ಎಸೆದು ತಡವಾಗೋದು. ಮೂರೂ ಬೇಸ್ ಭರ್ತಿ, ಒಂದೂ ಔಟಿಲ್ಲ. ಇದಕ್ಕೇ ಬ್ಯಾಟರ್ ಹಿಂದೆ ಕೂರೋ ಕ್ಯಾಚರ್ ಕೂಗಿ ಹೇಳೋದು ಎಲ್ಲಿಗೆ ಎಸೆಯಬೇಕು ಅಂತ. ಚೆಂಡು ಎತ್ತುವವನು ಬಗ್ಗಿರ್ತಾನೆ, ರನ್ನರ್ ಅವನಿಗೆ ಕಾಣಲ್ಲ.

ಎಡಗೈ_ಎಂಜಿನಿಯರ್
ಇದಕ್ಕೆ ಎಡಗೈ ಸೇರಿಸಿಕೊಳ್ಳಿ. ಹೋಮ್ ಪ್ಲೇಟ್ ಕಡೆ ಮುಖ ಮಾಡಿ ಓಡಿ ಬಂದವನಿಗೆ ಥರ್ಡ್ ಬೇಸ್ ಬಲಕ್ಕೆ ಬರುತ್ತೆ. ಎಡಗೈಯಲ್ಲಿ ಎಸೆಯುವವನ ಬಲಭುಜ ಆಗಲೇ ಆ ಕಡೆ ತಿರುಗಿರುತ್ತೆ, ಎತ್ತಿದ ಕೂಡಲೇ ಬಿಡಬಹುದು. ಬಲಗೈಯವನು ಪೂರ್ತಿ ಸುತ್ತಬೇಕು, ಅಷ್ಟರಲ್ಲಿ ರನ್ನರ್ ಜಾರಿ ತಲುಪಿರ್ತಾನೆ.

3-6-3 ಡಬಲ್ ಪ್ಲೇಗೂ (ಒಂದೇ ಚೆಂಡಿಗೆ ಎರಡು ಔಟ್; 3 ಫಸ್ಟ್ ಬೇಸ್‌ಮನ್, 6 ಶಾರ್ಟ್‌ಸ್ಟಾಪ್) ಇದೇ ಲೆಕ್ಕ. ಫಸ್ಟ್ ಬೇಸ್‌ಮನ್ ನೆಲದ ಚೆಂಡು ಹಿಡಿದು ಸೆಕೆಂಡ್‌ನಲ್ಲಿರೋ ಶಾರ್ಟ್‌ಸ್ಟಾಪ್‌ಗೆ ಎಸೆದು, ತಿರುಗಿ ಬರೋ ಥ್ರೋಗೆ ತಾನೇ ಬೇಸ್‌ಗೆ ಓಡಬೇಕು. ಎಡಗೈಯವನಿಗೆ ಸೆಕೆಂಡ್‌ಗೆ ಎಸೆಯಲು ಮೈ ತಿರುಗಿಸುವ ಕೆಲಸ ತಪ್ಪುತ್ತೆ. ಥ್ರೋ ಮಾತ್ರ ರನ್ನರ್ ಓಡುವ ಗೆರೆ ಬಿಟ್ಟು ಒಳಗಿನಿಂದಲೋ ಹೊರಗಿನಿಂದಲೋ ಹೋಗಬೇಕು. ನೇರ ಎಸೆದರೆ ರನ್ನರ್ ಬೆನ್ನಿಗೆ ಬೀಳುತ್ತೆ.

ಗ್ಲವ್ ಬಲಗೈಲಿರೋದ್ರಿಂದ ಫಸ್ಟ್-ಸೆಕೆಂಡ್ ನಡುವಿನ ಸಂದಿ ಅವನ ಗ್ಲವ್ ಕಡೆಗೇ ಬರುತ್ತೆ. ಅನನುಕೂಲ ಒಂದೇ, ಫೌಲ್ ಗೆರೆ (ಆಟದ ಜಾಗದ ಅಂಚಿನ ಗೆರೆ) ಹಿಡಿದು ಬರೋ ಚೆಂಡಿಗೆ ಕೈ ಅಡ್ಡ ತಿರುಗಿಸಬೇಕು. ಗೆರೆ ಕಡೆ ತೂರಿದ್ದು ಸಾಮಾನ್ಯವಾಗಿ ಡಬಲ್, ಸಂದಿಯಲ್ಲಿ ತೂರಿದ್ದು ಸಿಂಗಲ್. ಅದಕ್ಕೇ ಆಟದ ಕೊನೆ ಇನ್ನಿಂಗ್ಸ್‌ಗಳಲ್ಲಿ ಮುನ್ನಡೆ ಕಾಯುವಾಗ ಗೆರೆಗೆ ಹತ್ತಿರ ನಿಲ್ಲಿಸ್ತಾರೆ.

ಬೇಲಿಯಾಚೆ
ಎಡಗೈ ಅನ್ನೋದೇ ಹೆಚ್ಚುಗಾರಿಕೆ ಆದ್ರೆ ನ್ಯೂಯಾರ್ಕ್ ಯಾಂಕೀಸ್‌ನ ಫಸ್ಟ್ ಬೇಸ್‌ಮನ್ ಡಾನ್ ಮ್ಯಾಟಿಂಗ್ಲಿನೂ ಎಡಗೈ. 10 ಗೋಲ್ಡ್ ಗ್ಲವ್, 1985ರ ಎಂವಿಪಿ, .307, 222 ಹೋಮ್ ರನ್. ಅದೇ ಊರು, ಅದೇ ಕಾಲ. ಅವನನ್ನೇ ಒಳಗೆ ಬಿಡದೆ ಇರುವಾಗ ಇವನನ್ನ ಹೇಗೆ ಬಿಡೋದು?

ಸ್ಕೋರ್‌ಶೀಟ್_ಸುಮಾ
ಮ್ಯಾಟಿಂಗ್ಲಿಗೆ 9. ಅಲ್ಲದೆ ಅವನ ಬೆನ್ನು ಹಾಳಾಗಿ ದೊಡ್ಡ ಹೊಡೆತಗಳ ಕಾಲ 1989ಕ್ಕೆ ಮುಗಿಯಿತು. ಹೆರ್ನಾಂಡೆಜ್ 1979ರಿಂದ 1987ರವರೆಗೆ ಸಮನಾಗಿ ಆಡಿದ. ಗ್ಲವ್ ಹೋಲಿಕೆಗೆ ಅಸಿಸ್ಟ್ (ಚೆಂಡು ಎಸೆದು ಇನ್ನೊಬ್ಬರಿಂದ ಔಟ್ ಮಾಡಿಸಿದ್ದು) ನೋಡಿ, ಹೆರ್ನಾಂಡೆಜ್ 1,682. ನಿವೃತ್ತನಾದಾಗ ಫಸ್ಟ್ ಬೇಸ್‌ನಲ್ಲಿ ಅದೇ ದಾಖಲೆ. ಆಮೇಲೆ ಎಡ್ಡಿ ಮರ್ರಿ ಅದನ್ನ ದಾಟಿದರು.

ಫಸ್ಟ್ ಬೇಸ್‌ನಲ್ಲಿ ಅಸಿಸ್ಟ್ ಯಾಕೆ ಮುಖ್ಯ ಅಂದ್ರೆ, ಔಟ್ ಮಾಡಿದ ಲೆಕ್ಕ ಬೇಸ್ ಮೇಲೆ ನಿಂತ ಯಾರಿಗಾದರೂ ಬರುತ್ತೆ. ಅಸಿಸ್ಟ್ ಬರಬೇಕಾದರೆ ಓಡಿ ಚೆಂಡು ಹಿಡಿದು ಎಸೆಯಲೇಬೇಕು.

ಕಾರ್ಡಿನಲ್_ಕೆಂಪು
ಸೇಂಟ್ ಲೂಯಿಸ್ ಭಾಗವನ್ನ ಎಲ್ಲರೂ ಹಾರಿಸಿಬಿಡ್ತೀರಿ. 1971ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸೋದು) ಅವನನ್ನ ತಗೊಂಡದ್ದು 42ನೇ ಸುತ್ತಿನಲ್ಲಿ! ಹೈಸ್ಕೂಲ್ ಕೊನೆ ವರ್ಷ ಕೋಚ್ ಜತೆ ಮನಸ್ತಾಪವಾಗಿ ತಂಡ ಬಿಟ್ಟಿದ್ದ, ಹಾಗಾಗಿ ಉಳಿದ ತಂಡಗಳು ಹಿಂಜರಿದವು. ತಂದೆ ಜಾನ್ ಮೈನರ್ ಲೀಗ್‌ನಲ್ಲಿ ಫಸ್ಟ್ ಬೇಸ್ ಆಡಿದವರು, ಕೆಲಸ ಕಲಿಸಿದ್ದು ಅವರೇ. 1974ರ ಆಗಸ್ಟ್ 30ರಂದು ಮೊದಲ ಪಂದ್ಯ.

1982ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯ ಅಕ್ಟೋಬರ್ 20, ಅವನ 29ನೇ ಹುಟ್ಟುಹಬ್ಬ. ಮಿಲ್ವಾಕಿ ಬ್ರೂವರ್ಸ್ 3-1 ಮುಂದಿತ್ತು. ಆರನೇ ಇನ್ನಿಂಗ್ಸ್‌ನಲ್ಲಿ ಬೇಸ್ ಭರ್ತಿಯಾದಾಗ ಬಾಬ್ ಮೆಕ್‌ಕ್ಲೂರ್ ಚೆಂಡಿಗೆ ಎರಡು ರನ್ ಸಿಂಗಲ್ ಹೊಡೆದು ಸಮ ಮಾಡಿದ. ಕಾರ್ಡಿನಲ್ಸ್ 6-3ಕ್ಕೆ ಗೆದ್ದಿತು.

ಧಾರವಾಡ_ಡಗೌಟ್
ಅಂಥಾವ್ನನ್ನ ಎಂಟ್ ತಿಂಗಳದಾಗ ಯಾಕ ಮಾರಿದ್ರು ಮತ್ತ?

ಕ್ವೀನ್ಸ್_ಕನ್ನಡಿಗ
1983ರ ಜೂನ್ 15. ನೀಲ್ ಆಲನ್, ರಿಕ್ ಓನ್‌ಬಿ ಅನ್ನೋ ಇಬ್ಬರು ಪಿಚರ್‌ಗಳಿಗೆ ಬದಲಾಗಿ ಮೆಟ್ಸ್‌ಗೆ ಕೊಟ್ಟರು. ಮ್ಯಾನೇಜರ್ ವೈಟಿ ಹರ್ಜಾಗ್‌ಗೂ ಅವನಿಗೂ ಸರಿ ಇರಲಿಲ್ಲ. ಅವನ ಕೊಕೇನ್ ವಿಷಯ 1985ರ ಪಿಟ್ಸ್‌ಬರ್ಗ್ ವಿಚಾರಣೆಯಲ್ಲಿ ಬಯಲಾಯಿತು. ಸಾಕ್ಷಿಯಾಗಿ ನಿಂತು 1980ರ ದಶಕದ ಆರಂಭದಲ್ಲಿ ಬಳಸಿದ್ದಾಗಿ ಅವನೇ ಹೇಳಿದ. 1986ರಲ್ಲಿ ಕಮಿಷನರ್ ಪೀಟರ್ ಯೂಬೆರಾತ್ ಒಂದು ವರ್ಷದ ಅಮಾನತು ಹೇಳಿ, ಸಂಬಳದ ಶೇ 10 ಮಾದಕವ್ಯಸನ ತಡೆ ಕೆಲಸಕ್ಕೆ ಕೊಟ್ಟು, ಸಮುದಾಯ ಸೇವೆ ಮಾಡಿ, ಪರೀಕ್ಷೆಗೆ ಒಪ್ಪಿದರೆ ಆಡಬಹುದು ಅಂದರು. ಒಪ್ಪಿ ಆಡಿದ.

ಮೆಟ್ಸ್ 1983ರಲ್ಲಿ 68 ಗೆಲುವು, ಕೊನೇ ಸ್ಥಾನ. 1984ರಲ್ಲಿ 90. ಪಿಚರ್ ಡ್ವೈಟ್ ಗುಡನ್ ಬಂದದ್ದೂ ಕಾರಣ, ಆದರೆ ಆ ವರ್ಷ ಹೆರ್ನಾಂಡೆಜ್ ಎಂವಿಪಿ ಮತದಾನದಲ್ಲಿ ರೈನ್ ಸ್ಯಾಂಡ್‌ಬರ್ಗ್ ನಂತರ ಎರಡನೆಯವನು. 1987ರಲ್ಲಿ ಮೆಟ್ಸ್ ಇತಿಹಾಸದ ಮೊದಲ ಕ್ಯಾಪ್ಟನ್.

ಬೇಲಿಯಾಚೆ
ಕೊಕೇನ್ ವಿಷಯಕ್ಕೇ ಮತ ಬೀಳಲಿಲ್ಲ ಅಂತ ಹೇಳೋದಾದ್ರೆ ಒಪ್ಪಲ್ಲ. ಡೇವ್ ಪಾರ್ಕರ್ ಅದೇ ವಿಚಾರಣೆಯಲ್ಲಿ ಸಾಕ್ಷಿ ಹೇಳಿದವನು, 2025ರಲ್ಲಿ ಹಾಲ್‌ಗೆ ಸೇರಿದ. ಟಿಮ್ ರೇನ್ಸ್ ತಾನು ಬಳಸಿದ್ದನ್ನ ಒಪ್ಪಿಕೊಂಡವನು, 2017ರಲ್ಲಿ ಸೇರಿದ. ತಡೆದದ್ದು ಹೋಮ್ ರನ್ ಕೊರತೆಯೇ.

ಎಡಗೈ_ಎಂಜಿನಿಯರ್
ಇಲ್ಲಿ ನಿಮ್ಮ ಮಾತು ಸರಿ. ಆದರೆ ಅದರರ್ಥ ಮತ ಹಾಕಿದವರ ಅಳತೆಗೋಲು ಚಿಕ್ಕದು ಅಂತ, ಆಟಗಾರ ಚಿಕ್ಕವನು ಅಂತ ಅಲ್ಲ. ಶಾರ್ಟ್‌ಸ್ಟಾಪ್ ಓಝಿ ಸ್ಮಿತ್‌ನ 28 ಹೋಮ್ ರನ್ ನೋಡಿಯೂ ಮೊದಲ ವರ್ಷವೇ ಒಳಗೆ ಕರೆದರು. ಶಾರ್ಟ್‌ಸ್ಟಾಪ್‌ಗೆ ಒಂದು ನ್ಯಾಯ, ಫಸ್ಟ್ ಬೇಸ್‌ಗೆ ಇನ್ನೊಂದು.

ಸ್ಕೋರ್‌ಶೀಟ್_ಸುಮಾ
ಶಾರ್ಟ್‌ಸ್ಟಾಪ್‌ಗೆ ಬರುವ ಚೆಂಡು ಹೆಚ್ಚು, ಅಲ್ಲಿ ಒಬ್ಬ ಒಳ್ಳೆ ಫೀಲ್ಡರ್ ಉಳಿಸುವ ರನ್ನೂ ಹೆಚ್ಚು. ಆ ವ್ಯತ್ಯಾಸ ನ್ಯಾಯವಾದದ್ದೇ. ಹೆರ್ನಾಂಡೆಜ್ ವಾದ ಗಟ್ಟಿಯಾಗೋದು .384 ಆನ್-ಬೇಸ್ ಮತ್ತು ಗ್ಲವ್ ಎರಡನ್ನೂ ಒಟ್ಟಿಗೆ ಇಟ್ಟಾಗ.

ಕ್ರಿಕೆಟ್_ಮಾತ್ರ
ಅವನು ಗ್ಲವ್‌ನಿಂದ ಪಂದ್ಯ ಗೆಲ್ಲಿಸಿದ್ದಕ್ಕೆ ಒಂದೇ ಒಂದು ಉದಾಹರಣೆ ಕೊಡಿ, ಸಾಕು.

ಬಂಟ್_ಭಟ್ಟ
1986ರ ಅಕ್ಟೋಬರ್ 15, ಹ್ಯೂಸ್ಟನ್. ಲೀಗ್ ಚಾಂಪಿಯನ್‌ಷಿಪ್ ಆರನೇ ಪಂದ್ಯ, 16ನೇ ಇನ್ನಿಂಗ್ಸ್. ಮೆಟ್ಸ್ 7-4 ಮುಂದಿತ್ತು, ಆಸ್ಟ್ರೋಸ್ ಒಂದು ರನ್ ತೆಗೆದು 7-5 ಮಾಡಿತು. ಒಂದು ಔಟ್. ಸೆಕೆಂಡ್‌ನಲ್ಲಿ ಬಿಲ್ ಡೋರನ್, ಫಸ್ಟ್‌ನಲ್ಲಿ ಬಿಲ್ಲಿ ಹ್ಯಾಚರ್. ಡೆನ್ನಿ ವಾಲಿಂಗ್ ಹೊಡೆದ ನೆಲದ ಚೆಂಡು ಹೆರ್ನಾಂಡೆಜ್‌ಗೆ ಬಂತು. ಫಸ್ಟ್ ಬೇಸ್ ಪಕ್ಕದಲ್ಲೇ ಸುಲಭದ ಔಟ್ ಇತ್ತು. ಅವನು ಎಸೆದದ್ದು ಸೆಕೆಂಡ್‌ಗೆ, ಹ್ಯಾಚರ್ ಔಟ್. ಡೋರನ್ ಥರ್ಡ್‌ಗೆ, ವಾಲಿಂಗ್ ಫಸ್ಟ್‌ನಲ್ಲಿ.

ಮುಂದಿನ ಬ್ಯಾಟರ್ ಗ್ಲೆನ್ ಡೇವಿಸ್ ಸಿಂಗಲ್ ಹೊಡೆದ. ಡೋರನ್ ಬಂದ, 7-6. ಸುಲಭದ ಔಟ್ ತಗೊಂಡಿದ್ದರೆ ಹ್ಯಾಚರ್ ಸೆಕೆಂಡ್‌ನಲ್ಲಿ ಇರ್ತಿದ್ದ, ಎರಡು ಔಟ್ ಆಗಿರೋದ್ರಿಂದ ಚೆಂಡು ಬ್ಯಾಟ್‌ಗೆ ತಾಗಿದ ಕೂಡಲೇ ಓಡಿ ಬಂದು ಸಮ ಮಾಡ್ತಿದ್ದ. ಆಮೇಲೆ ಜೆಸ್ಸಿ ಒರೋಸ್ಕೊ ಕೆವಿನ್ ಬಾಸ್‌ನ ಸ್ಟ್ರೈಕ್‌ಔಟ್ ಮಾಡಿದ. ಅದಕ್ಕೆ ಮುಂಚೆ ದಿಬ್ಬಕ್ಕೆ ಹೋಗಿ ಫಾಸ್ಟ್‌ಬಾಲ್ ಹಾಕಬೇಡ, ಬರೀ ತಿರುಗೋ ಚೆಂಡೇ ಹಾಕು ಅಂತ ಪಟ್ಟು ಹಿಡಿದವನೂ ಹೆರ್ನಾಂಡೆಜ್.

ಕ್ವೀನ್ಸ್_ಕನ್ನಡಿಗ
ಅಬ್ಬಾ! ಸೋತಿದ್ದರೆ ಏಳನೇ ಪಂದ್ಯದಲ್ಲಿ ಮೈಕ್ ಸ್ಕಾಟ್ ಎದುರಿಸಬೇಕಿತ್ತು. ಆ ಸರಣಿಯಲ್ಲಿ ಎರಡು ಸಲ ಮೆಟ್ಸ್‌ನ ಮಣಿಸಿದ್ದ ಪಿಚರ್.

ಧಾರವಾಡ_ಡಗೌಟ್
ಅದೇ ವರ್ಷ ವರ್ಲ್ಡ್ ಸೀರೀಸ್‌ದಾಗ ಬಾಸ್ಟನ್ ವಿರುದ್ಧ ಆರನೇ ಪಂದ್ಯದಾಗ ಕಡೀ ಔಟ್ ಆಗಾಂವ ಅವನ ಇದ್ದ ಅಲ್ರಿ?

ಸ್ಕೋರ್‌ಶೀಟ್_ಸುಮಾ
ಹತ್ತನೇ ಇನ್ನಿಂಗ್ಸ್‌ನ ಎರಡನೇ ಔಟ್ ಅವನದು, ಸೆಂಟರ್ ಫೀಲ್ಡ್‌ಗೆ ಕ್ಯಾಚ್. ಗ್ಯಾರಿ ಕಾರ್ಟರ್, ಕೆವಿನ್ ಮಿಚೆಲ್, ರೇ ನೈಟ್ ಸಿಂಗಲ್‌ಗಳು ಬಂದದ್ದು ಆಮೇಲೆ. ಏಳನೇ ಪಂದ್ಯದಲ್ಲಿ ಮೆಟ್ಸ್ 0-3 ಹಿಂದಿದ್ದಾಗ, ಆರನೇ ಇನ್ನಿಂಗ್ಸ್‌ನಲ್ಲಿ ಬ್ರೂಸ್ ಹರ್ಸ್ಟ್ ಚೆಂಡಿಗೆ ಎರಡು ರನ್ ಸಿಂಗಲ್ ಹೊಡೆದು ಆಟ ತಿರುಗಿಸಿದ್ದು ಹೆರ್ನಾಂಡೆಜ್. 8-5 ಗೆಲುವು. 1982, 1986, ಎರಡೂ ಏಳನೇ ಪಂದ್ಯ, ಎರಡೂ ಆರನೇ ಇನ್ನಿಂಗ್ಸ್, ಎರಡೂ ಸಲ ಬೇಸ್ ಭರ್ತಿ.

ಮಿಟ್_ಮಂಜು
ವಿಷಯ ಸ್ವಲ್ಪ ಪಕ್ಕಕ್ಕೆ. ಪಿಚರ್ ಬೇಸ್‌ಗೆ ಚೆಂಡು ಎಸೆದು ರನ್ನರ್‌ನ ಕಟ್ಟಿಹಾಕುವಾಗ ಹೆರ್ನಾಂಡೆಜ್ ಫೌಲ್ ಗೆರೆಯಾಚೆ ಕಾಲಿಡ್ತಿದ್ದ ಅಂತಾರಲ್ಲ, ಅದು ನಿಯಮಕ್ಕೆ ವಿರುದ್ಧ ಅಲ್ವಾ?

ಎಡಗೈ_ಎಂಜಿನಿಯರ್
ವಿರುದ್ಧವೇ. ಚೆಂಡು ಆಟಕ್ಕೆ ಬರುವಾಗ ಕ್ಯಾಚರ್ ಬಿಟ್ಟು ಉಳಿದವರೆಲ್ಲ ಫೇರ್ ಜಾಗದಲ್ಲೇ ಇರಬೇಕು. ಹೆರ್ನಾಂಡೆಜ್ ಎಡಗಾಲನ್ನ ಗೆರೆಯಾಚೆ ಇಟ್ಟು ಮೈಯನ್ನ ಪೂರ್ತಿ ಪಿಚರ್ ಕಡೆ ತೆರೀತಿದ್ದ. ಥ್ರೋ ಬಂದಾಗ ಮೈ ತಿರುಗಿಸದೆ ಬಲಗೈ ಗ್ಲವ್‌ನ ಹಾಗೇ ಕೆಳಗಿಳಿಸಿ ಟ್ಯಾಗ್ ಮಾಡಬಹುದು. ಅಂಪೈರ್‌ಗಳು ನಿಯಮವನ್ನ ಬಿಗಿಯಾಗಿ ಹಿಡಿದ ಮೇಲೆ ಕಾಲು ಒಳಗೆ ತಂದ. 2023ರಿಂದ ಪಿಚರ್ ಒಬ್ಬ ಬ್ಯಾಟರ್ ಇರುವಾಗ ಎರಡು ಸಲ ಮಾತ್ರ ಹಾಗೆ ಎಸೆಯಬಹುದು. ಮೂರನೇದರಲ್ಲಿ ಔಟ್ ಆಗದಿದ್ದರೆ ರನ್ನರ್‌ಗೆ ಬೇಸ್ ಬಿಟ್ಟಿ. ಒಂದೊಂದು ಟ್ಯಾಗ್‌ನ ವೇಗಕ್ಕೆ ಈಗ ಬೆಲೆ ಇನ್ನೂ ಹೆಚ್ಚು.

ಮಿಟ್_ಮಂಜು
12 ವರ್ಷದ ಎಡಗೈ ಮಕ್ಕಳಿಗೆ ಫಸ್ಟ್ ಬೇಸ್ ಮಿಟ್ (ಗ್ಲವ್) ಯಾವ ಅಳತೆ ಸರಿ? ಥ್ರೋ ಪುಟಿದು ಬಂದರೆ ಬಿಡೋದೇ ಹೆಚ್ಚು.

ಬಂಟ್_ಭಟ್ಟ
11.5ರಿಂದ 12 ಇಂಚು. ದೊಡ್ಡವರ ನಿಯಮದ ಮಿತಿ 13 ಇಂಚು ಉದ್ದ, ಮಕ್ಕಳ ಕೈಗೆ ಅದು ಭಾರ, ಬಾಯಿ ಮುಚ್ಚಲ್ಲ. ಕೊಳ್ಳುವಾಗ ಎಡಗೈಯಲ್ಲಿ ಎಸೆಯುವವರದ್ದು ಅಂತ ಕೇಳಿ ತಗೊಳ್ಳಿ, ಅದು ಬಲಗೈಗೆ ಹಾಕೋದು. ಬರೀ ಎಡಗೈದು ಅಂದರೆ ಉಲ್ಟಾ ಬರುತ್ತೆ.

ಪುಟಿದ ಚೆಂಡು ಬಿಡೋದಕ್ಕೆ ಮುಖ್ಯ ಕಾರಣ ಬೇಗ ಕಾಲು ಚಾಚಿಬಿಡೋದು. ಒಮ್ಮೆ ಚಾಚಿದರೆ ಪಕ್ಕಕ್ಕೆ ಸರಿಯಲು ಆಗಲ್ಲ. ಎಡಗೈಯವರು ಎಡಪಾದದ ಮುಂಭಾಗವನ್ನ ಬೇಸ್ ಅಂಚಿಗೆ ತಾಗಿಸಿ, ಥ್ರೋ ಎಲ್ಲಿಗೆ ಬರ್ತಿದೆ ನೋಡಿ, ಆಮೇಲೆ ಬಲಗಾಲನ್ನ ಅತ್ತ ಚಾಚಬೇಕು. ಬೇಸ್ ನಡುವೆ ಪಾದ ಇಟ್ಟರೆ ರನ್ನರ್ ತುಳೀತಾನೆ.

ಗ್ಲವ್ ನೆಲದಲ್ಲಿ ಶುರುವಾಗಿ ಮೇಲಕ್ಕೆ ಬರಬೇಕು. ಮೇಲಿಂದ ಕೆಳಗೆ ಬಂದರೆ ಚೆಂಡು ಅಡಿಯಿಂದ ಹೋಗುತ್ತೆ. ಪುಟಿದ ಕೂಡಲೇ ಸಿಕ್ಕೋದು ಸುಲಭ, ಪೂರ್ತಿ ಎದ್ದು ಬಂದದ್ದೂ ಸುಲಭ, ಮಧ್ಯದ್ದೇ ಕಷ್ಟ. ಆ ಮಧ್ಯದ್ದು ಬರದ ಹಾಗೆ ಮುಂದೆ ಚಾಚಿ ಇಲ್ಲವೇ ಹಿಂದೆ ಸರಿದು ಹಿಡೀಬೇಕು. ಮಂಡಿಯೂರಿ ಕೂತು 15 ಅಡಿಯಿಂದ ಎದುರು 20, ಗ್ಲವ್ ಕಡೆ 20, ಅಡ್ಡಗೈ ಕಡೆ 20 ಚೆಂಡು ಎಸೆಸಿ. ಮೊದಲು ಮೆತ್ತನೆ ಚೆಂಡು, ಹೆದರಿ ಮುಖ ತಿರುಗಿಸುವ ಅಭ್ಯಾಸ ಹೋದ ಮೇಲೆ ಗಟ್ಟಿದು.

ಕಾರ್ಡಿನಲ್_ಕೆಂಪು
ಪಿಚರ್‌ಗೆ ಕೊಡುವ ಟಾಸ್ ಕೂಡ ಕಲಿಸಿ. ಫಸ್ಟ್ ಬೇಸ್‌ಮನ್ ದೂರ ಹೋಗಿ ಚೆಂಡು ಹಿಡಿದಾಗ ಬೇಸ್ ಕಾಯೋದು ಪಿಚರ್. ಚೆಂಡನ್ನ ಗ್ಲವ್‌ನಿಂದ ಹೊರತೆಗೆದು ತೋರಿಸಿ, ಕೆಳಗೈಯಲ್ಲಿ ಎದೆಮಟ್ಟಕ್ಕೆ, ಅವನು ಬೇಸ್ ತಲುಪೋಕೆ ಒಂದೆರಡು ಹೆಜ್ಜೆ ಇರುವಾಗಲೇ ಸಿಗೋ ಹಾಗೆ. ತಡವಾಗಿ ಕೊಟ್ಟರೆ ಅವನು ಚೆಂಡು ನೋಡಬೇಕೋ ಬೇಸ್ ನೋಡಬೇಕೋ ತಿಳಿಯದೆ ರನ್ನರ್‌ಗೆ ಡಿಕ್ಕಿ ಹೊಡೀತಾನೆ.

ಬೇಲಿಯಾಚೆ
ವಾಪಸ್ ವಿಷಯಕ್ಕೆ. ಕೊನೆ ವರ್ಷಗಳೂ ಅವನಿಗೆ ಮುಳುವಾದವು ಅನ್ನೋದು ಮರೀಬೇಡಿ. 1988ರಲ್ಲಿ ತೊಡೆ ಹಿಂಭಾಗದ ಸ್ನಾಯು, 1989ರಲ್ಲಿ ಮಂಡಿಚಿಪ್ಪು. 1990ರಲ್ಲಿ ಕ್ಲೀವ್‌ಲ್ಯಾಂಡ್‌ಗೆ 43 ಪಂದ್ಯ, .200. ಸರಾಸರಿ .300ರಿಂದ ಕೆಳಗಿಳಿದದ್ದೇ ಈ ಕೊನೆ ವರ್ಷಗಳಲ್ಲಿ. ಇನ್ನೆರಡು ಒಳ್ಳೆ ಸೀಸನ್ ಸಿಕ್ಕಿದ್ದರೆ 2,500 ಹಿಟ್ ಹತ್ತಿರ ಹೋಗ್ತಿದ್ದ, ನಾನೂ ಆಗ ಅವನ ಪರ ನಿಲ್ತಿದ್ದೆ.

ಕ್ವೀನ್ಸ್_ಕನ್ನಡಿಗ
ಮೆಟ್ಸ್ ಮಾತ್ರ 2022ರ ಜುಲೈ 9ರಂದು ಅವನ 17ನೇ ನಂಬರ್ ನಿವೃತ್ತಿಗೊಳಿಸಿತು. ಈಗಲೂ ಗ್ಯಾರಿ ಕೋಹೆನ್, ರಾನ್ ಡಾರ್ಲಿಂಗ್ ಜತೆ ಮೆಟ್ಸ್ ಪಂದ್ಯಗಳ ವೀಕ್ಷಕ ವಿವರಣೆ ಕೊಡ್ತಾನೆ. ಫಸ್ಟ್ ಬೇಸ್‌ಮನ್ ತಪ್ಪು ಕಡೆ ಹೆಜ್ಜೆ ಇಟ್ಟರೆ ಮರುಪ್ರಸಾರಕ್ಕೆ ಮುಂಚೆಯೇ ಹೇಳಿಬಿಡ್ತಾನೆ.

ಇನ್ನು ಉಳಿದಿರೋ ದಾರಿ ಯಾವುದು?

ಸ್ಕೋರ್‌ಶೀಟ್_ಸುಮಾ
1980ರಿಂದೀಚಿನ ಆಟಗಾರರ ಸಮಿತಿ. 8 ಹೆಸರಿನ ಪಟ್ಟಿ, 16 ಸದಸ್ಯರು, 12 ಮತ ಬೇಕು. ಒಬ್ಬ ಸದಸ್ಯ ಮೂರಕ್ಕಿಂತ ಹೆಚ್ಚು ಹೆಸರಿಗೆ ಮತ ಹಾಕುವಂತಿಲ್ಲ. ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್‌ನಂಥ ದೊಡ್ಡ ಹೆಸರುಗಳು ಅದೇ ಪಟ್ಟಿಯಲ್ಲಿ ಬಂದರೆ ಮತ ಹಂಚಿಹೋಗುತ್ತೆ, ಫೀಲ್ಡಿಂಗ್ ವಾದಕ್ಕೆ ಜಾಗ ಸಿಗೋದು ಕಷ್ಟ. ಗಿಲ್ ಹಾಜಸ್ ಕೂಡ ಫಸ್ಟ್ ಬೇಸ್‌ಮನ್, ಮೂರು ಗೋಲ್ಡ್ ಗ್ಲವ್. ಅವರನ್ನ ಸಮಿತಿ ಒಳಗೆ ತಂದದ್ದು 2022ರಲ್ಲಿ, ತೀರಿಕೊಂಡು 50 ವರ್ಷ ಆದಮೇಲೆ.

ಧಾರವಾಡ_ಡಗೌಟ್
ಅಷ್ಟ್ ತಡಾ ಆಗಬಾರದ್ರಿ. ಮನಷ್ಯಾ ಇದ್ದಾಗ ಆ ಕಟ್ಟಿ ಮ್ಯಾಲೆ ನಿಂದ್ರಸ್ಬೇಕು.

ಬಂಟ್_ಭಟ್ಟ
ಇನ್ನೊಂದು ತೊಡಕಿದೆ. 2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಪಿಚರ್ ಬ್ಯಾಟ್ ಮಾಡೋದು ನಿಂತು ಬಂಟ್ ಅಪರೂಪವಾಗಿದೆ. ಅವನ ದೊಡ್ಡ ವಿದ್ಯೆ ಈಗಿನ ಆಟದಲ್ಲಿ ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ಹಳೆ ಪಂದ್ಯಗಳ ವಿಡಿಯೋ ನೋಡಿ, ಫಸ್ಟ್-ಸೆಕೆಂಡ್‌ನಲ್ಲಿ ರನ್ನರ್ ಇರುವಾಗ ಬ್ಯಾಟರ್‌ನ ಬಿಟ್ಟು ಹೆರ್ನಾಂಡೆಜ್ ಕಾಲುಗಳ ಮೇಲೆ ಕಣ್ಣಿಡಿ. 1985, 1986ರ ಪಂದ್ಯಗಳಿಂದ ಶುರು ಮಾಡಿ.